ಹಾಸಿಗೆ ನೋಡದೆ ಕೊಟ್ಟ ಮದ್ದು

ಹೊಳೆಯ ದಂಡೆಗೆ ಒಂದು ಮಠ. ಮಠವೆಂದರೆ ದೊಡ್ಡದೇನಲ್ಲ, ಎರಡು ಗುಡಿಸಲು, ಒಂದು ಪತ್ರಿ ಮರ, ಮದ್ದು ಅರೆಯುವ ಒಂದು ಕಲ್ಲು. ಅಲ್ಲಿ ಅಡವಯ್ಯಜ್ಜ ಅಂತ ಒಬ್ಬರಿದ್ದರು.

ಕಾಲು ಮುರಿದವರು ಬೇರೆ ಕಡೆ ಹೋಗುತ್ತಿದ್ದರು, ಜ್ವರ ಬಂದವರು ಇನ್ನೊಂದು ಕಡೆ. ನಿದ್ದೆ ಕಳೆದುಕೊಂಡವರು ಮಾತ್ರ ಈ ಅಜ್ಜನ ಹತ್ತಿರ ಬರುತ್ತಿದ್ದರು.

ಅಜ್ಜನ ಮದ್ದು ಏನು ಮಹಾ ಗುಟ್ಟಿನದಲ್ಲ. ಜಟಾಮಾಂಸಿ, ಹಿರೇಮದ್ದಿನ ಬೇರು, ಗಸಗಸೆ, ಜಾಯಿಕಾಯಿ. ಅರೆದು ಪುಡಿ ಮಾಡಿ ಎಮ್ಮೆಯ ಹಾಲಿನಲ್ಲಿ ಕುಡಿಸುವುದು. ಅಂಗಾಲಿಗೆ ಎಣ್ಣೆ ತಿಕ್ಕಿಸುವುದು. ಯಾರಿಗೆ ಎಷ್ಟು ಅನ್ನುವುದೇ ಅವರ ವಿದ್ಯೆ.

ಆದರೆ ಒಂದು ಕಟ್ಟಳೆ ಇತ್ತು ನೋಡಿ. ರೋಗಿಯ ಹಾಸಿಗೆ ನೋಡದೆ ಅಜ್ಜ ಕಲ್ಲಿಗೆ ಕೈ ಹಚ್ಚುತ್ತಿರಲಿಲ್ಲ.

ಕಾಲು ನಡೆಯುವ ತನಕ ತಾವೇ ಹೋಗುತ್ತಿದ್ದರು. ಮೊಣಕಾಲು ಹಿಡಿದುಕೊಂಡ ಮೇಲೆ ಶಿಷ್ಯನನ್ನು ಕಳಿಸತೊಡಗಿದರು. ಶಿಷ್ಯನ ಹೆಸರು ಶಿವಪುತ್ರ. ಮೂವತ್ತರ ಹತ್ತಿರದ ಗಟ್ಟಿ ಆಳು. ಕಣ್ಣು ಕಟ್ಟಿ ಬೇರು ಕೈಗೆ ಕೊಟ್ಟರೆ ಮೂಸಿ ಹೆಸರು ಹೇಳುತ್ತಿದ್ದ.

ಮೊದಲ ಸಲ ಕಳಿಸಿದಾಗ ಅವನು ಕೇಳಿದ:

“ಅಜ್ಜಾರ, ರೋಗ ಇರೋದು ಮನುಷ್ಯಾಗ. ಹಾಸಿಗ್ಯಾಗ ಏನಿರತೈತಿ?”

“ಹೋಗಿ ನೋಡು.”

ಹೋದದ್ದು ಪತ್ತಾರ ಮೌನೇಶನ ಮನೆಗೆ. ಮೂರು ತಿಂಗಳಿಂದ ನಿದ್ದೆಯಿಲ್ಲದೆ, ಬಂಗಾರ ಕಾಯಿಸುತ್ತ ತೂಕಡಿಸಿ, ಅರ್ಧ ಮೀಸೆ ಸುಟ್ಟುಕೊಂಡಿದ್ದ ಮನುಷ್ಯ. ಶಿವಪುತ್ರ ಮೈಯೆಲ್ಲ ಕೆರೆದುಕೊಳ್ಳುತ್ತ ತಿರುಗಿ ಬಂದ.

“ಏನು ಕಂಡಿ?”

“ತಿಗಣಿ, ಅಜ್ಜಾರ. ಹೊರಸಿನ ತುಂಬ ತಿಗಣಿ. ಒಂದ್ ಗಳಿಗಿ ಕುಂತಿದ್ದಕ್ಕ ನನ್ನೂ ತಿಂದು ಬಿಟ್ಟಾವ.”

“ಏನು ಮದ್ದು ಕೊಡೋಣು?”

“ಕುದಿಯೋ ನೀರು.”

“ಪತ್ತಾರಗ ಕುಡಿಸಿಗಿಡಿಸೀ ಮತ್ತ. ಹೊರಸಿಗೆ ಹಾಕು” ಅಂದು ಅಜ್ಜ ನಕ್ಕರು.

ಈ ಕಥೆಯಲ್ಲಿ ಅಜ್ಜ ನಕ್ಕದ್ದು ಅದೊಂದೇ ಸಲ.

ಆಮೇಲೆ ಒಬ್ಬ ಮುದುಕಿ. ಗಂಡ ತೀರಿಕೊಂಡು ವರ್ಷವಾಗಿತ್ತು. ಅವನು ಮಲಗುವ ಜಾಗ ಬಿಟ್ಟು, ಚಾಪೆಯ ಅಂಚಿಗೇ ಮೈ ಹಿಡಿಮಾಡಿಕೊಂಡು ಮಲಗುತ್ತಿದ್ದಳು. ಅವಳಿಗೆ ಅಜ್ಜ ಬೇರು ಕೊಡಲಿಲ್ಲ. ಆ ಜಾಗದಲ್ಲಿ ಮೊಮ್ಮಗಳನ್ನು ಮಲಗಿಸಿಕೋ ಅಂದರು. ನಿದ್ದೆ ಬಂತು.

ಹೀಗೆ ಎರಡು ವರ್ಷ ಕಳೆಯಿತು. ಶಿವಪುತ್ರ ನಲವತ್ತು ಹಾಸಿಗೆ ನೋಡಿದ. ನಲವತ್ತು ನೋಡಿದವನಿಗೆ ನೋಡುವುದು ಬೇಸರವಾಯಿತು. ಮನುಷ್ಯನ ಗುಣವೇ ಅದು, ಏನು ಮಾಡುವುದು.

ಒಂದು ಬೇಸಿಗೆಯಲ್ಲಿ ಹೊಳೆಯಾಚೆಯ ಹಳ್ಳಿಯಿಂದ ಒಬ್ಬ ಹೆಂಗಸು ಬಂದಳು. ಹೆಸರು ಫಕೀರವ್ವ. ಗಂಡನಿಲ್ಲದವಳು, ಕೂಲಿ ಮಾಡಿ ಉಣ್ಣುವವಳು. ಕಣ್ಣು ಎರಡೂ ಗುಳಿ ಬಿದ್ದಿದ್ದವು. ಅಜ್ಜ ಜಳಕಕ್ಕೆ ಹೋಗಿದ್ದರು. ಶಿವಪುತ್ರನೇ ಕೂರಿಸಿ ಕೇಳಿದ.

“ಎಷ್ಟು ದಿನಾ ಆತವ್ವಾ ನಿದ್ದಿ ಇಲ್ಲದ?”

“ಹನ್ನೊಂದ್ರಿ.”

“ಹನ್ನೊಂದು ದಿನಾ?”

“ವರ್ಷಾರಿ.”

ಶಿವಪುತ್ರನಿಗೆ ನಗು ಬಂತು. “ಹನ್ನೊಂದು ವರ್ಷ ನಿದ್ದಿ ಇಲ್ಲದ ಯಾರರ ಬದುಕ್ತಾರೇನವ್ವಾ?”

“ಕಣ್ಣು ಮುಚ್ಚತಾವ್ರಿ. ಆದ್ರ ಅದು ಕೋಳಿ ನಿದ್ದಿ. ಇಷ್ಟು ವರ್ಷ ಹೆಂಗೋ ನಡೀತು. ಈಗ ಮೈ ಕೇಳವಲ್ದು. ಮೊನ್ನೆ ಒಲಿ ಮುಂದ ತೂಕಡಿಸಿ ಸೆರಗಿಗೆ ಬೆಂಕಿ ಹತ್ತಿತು. ನಿನ್ನೆ ಹೊಲದಾಗ ನಿಂತಲ್ಲೇ ಬಿದ್ದೆ. ಹಿಂಗಾದ್ರ ನಾ ಉಳಿಯೂದಿಲ್ರಿ. ನಾ ಹ್ವಾದ್ರ…”

ಅಲ್ಲಿಗೇ ನಿಲ್ಲಿಸಿದಳು.

ಶಿವಪುತ್ರ ನಾಡಿ ಹಿಡಿದ. ನಾಲಗೆ ನೋಡಿದ. ಹಸಿವು ಕೇಳಿದ, ಬಾಯಾರಿಕೆ ಕೇಳಿದ.

“ಮನಸಿನ್ಯಾಗ ಏನರ ಚಿಂತಿ ಐತೇನು?”

ಫಕೀರವ್ವ ಹೊಳೆಯ ಕಡೆ ಮುಖ ತಿರುಗಿಸಿದಳು. ಆ ಕಡೆ ನೋಡುತ್ತಲೇ ಕೇಳಿದಳು:

“ಮನಿಗೆ ಬಂದು ಹಾಸಿಗಿ ನೋಡ್ತೀರಂತಲ್ರಿ, ಸಣ್ಣಯ್ಯಾರ?”

“ಹೌದವ್ವಾ.”

“ಬಂದು ನೋಡ್ರಿ. ನಾಳೆ ಬರ್ರಿ. ನಾ ಕೂಲಿಗೆ ಹೋಗೂದಿಲ್ಲ, ಮನ್ಯಾಗ ಇರ್ತೀನಿ.”

“ಬರ್ತೀನಿ.”

ಮಾರನೆಯ ದಿನ ಶಿವಪುತ್ರ ಹೊರಟ. ಹರದಾರಿ ದೂರ, ಕಾಲು ಸುಡುವ ಉಸುಕು. ಹೊಳೆ ದಾಟುವ ಮೊದಲು ಒಂದು ಹೊಂಗೆಯ ಮರ. ನೆರಳು ತಂಪಾಗಿತ್ತು. ತುಸು ಕೂತು ಹೋದರಾಯಿತೆಂದು ಕೂತ. ಕೂತವನು ಒರಗಿದ. ಒರಗಿದವನಿಗೆ ನಿದ್ದೆ ಹತ್ತಿತು.

ಎಚ್ಚರಾದಾಗ ಹೊತ್ತು ಕೆಂಪಗಾಗಿತ್ತು. ಆಚೆ ದಂಡೆಯ ಮನೆಗಳ ಹೊಗೆ ಕಾಣುತ್ತಿತ್ತು.

ಈಗ ಹೋದರೆ ತಿರುಗಿ ಬರುವುದು ಯಾವಾಗ, ಅಂದುಕೊಂಡ. ಬಡವರ ಮನೆ. ಒಂದು ಚಾಪೆ ಇರುತ್ತದೆ, ಒಂದು ಕೌದಿ ಇರುತ್ತದೆ. ನೋಡುವುದೇನಿದೆ?

ಅಲ್ಲಿಂದಲೇ ತಿರುಗಿ ನಡೆದ.

ಅತ್ತ ಫಕೀರವ್ವ ಬೆಳಗಿನಿಂದ ಬಾಗಿಲಲ್ಲೇ ಕೂತಿದ್ದಳು.

ಅವಳಿಗೊಬ್ಬ ಮಗನಿದ್ದ, ದ್ಯಾಮಣ್ಣ. ಹತ್ತೊಂಬತ್ತು ವರ್ಷ. ಎಂಟನೆಯ ವರ್ಷದಿಂದ ಅವನಿಗೆ ಮೂರ್ಛೆ ಬರುತ್ತಿತ್ತು. ಬಂದರೆ ಮಲಗಿದಲ್ಲೇ. ಮೈ ಸೆಟೆದು, ಬೋರಲಾಗಿ, ಮುಖ ಹಾಸಿಗೆಗೆ ಒತ್ತಿಕೊಂಡುಬಿಡುವನು. ಆ ಗಳಿಗೆಯಲ್ಲಿ ಯಾರಾದರೂ ಹೊರಳಿಸಿ ಮಗ್ಗುಲಿಗೆ ಮಲಗಿಸಬೇಕು. ಇಲ್ಲದಿದ್ದರೆ ಉಸಿರು ನಿಲ್ಲುತ್ತದೆ.

ಊರಿಗೆ ಇದು ಗೊತ್ತಿರಲಿಲ್ಲ. ಮಗಳನ್ನು ಒಳ್ಳೆಯ ಮನೆಗೆ ಕೊಟ್ಟಿದ್ದಳು. ತಮ್ಮನಿಗೆ ಇಂಥ ರೋಗವಿದೆಯೆಂದು ಬೀಗರಿಗೆ ಗೊತ್ತಾದರೆ, ಮಗಳನ್ನು ತಿರುಗಿ ಕಳಿಸುತ್ತಾರೆಂಬ ಹೆದರಿಕೆ. ಯಾರ ಮುಂದೆಯೂ ಬಾಯಿ ಬಿಡುವುದಿಲ್ಲವೆಂದು ದೇವರ ಮುಂದೆ ಆಣೆ ಮಾಡಿದ್ದಳು.

ಹನ್ನೊಂದು ವರ್ಷ ಅವನ ಮಣಿಕಟ್ಟಿಗೂ ತನ್ನ ಮಣಿಕಟ್ಟಿಗೂ ಒಂದು ದಾರ ಕಟ್ಟಿಕೊಂಡು ಮಲಗಿದ್ದಳು. ದಾರ ಜಗ್ಗಿದರೆ ಎದ್ದು ಮಗನನ್ನು ಹೊರಳಿಸುವಳು. ಜಗ್ಗದಿದ್ದರೂ ಜಗ್ಗಿತೇನೋ ಅಂತ ಏಳುವಳು.

ಆವತ್ತು ಅವಳು ಹಾಸಿಗೆ ಸುತ್ತಿಡಲಿಲ್ಲ. ಹಾಡುಹಗಲು ಎರಡು ಚಾಪೆ ಮಗ್ಗುಲಿಗೆ ಮಗ್ಗುಲು ಬಿಚ್ಚಿಟ್ಟಳು. ನಡುವೆ ದಾರ ಇಟ್ಟಳು. ಬಾಯಿ ಹೇಳಲಾರದ್ದನ್ನು ಹಾಸಿಗೆ ಹೇಳಲಿ, ನೋಡಿದವರು ತಿಳಿದುಕೊಳ್ಳಲಿ. ಅದು ಅವಳ ಲೆಕ್ಕ.

ಹೊತ್ತು ಮುಳುಗಿತು. ಯಾರೂ ಬರಲಿಲ್ಲ.

ಇತ್ತ ಮಠದಲ್ಲಿ ಅಜ್ಜ ಕೇಳಿದರು:

“ನೋಡಿ ಬಂದಿ ಏನು?”

“ನೋಡಿ ಬಂದೆ, ಅಜ್ಜಾರ.”

“ಏನು ಕಂಡಿ?”

“ಚಾಪಿ. ಕೌದಿ. ಅರಿವಿ ಗಂಟಿನ ದಿಂಬು.”

“ತಿಗಣಿ?”

“ಇಲ್ಲ.”

“ಮತ್ತೇನರ?”

“ಮತ್ತೇನಿಲ್ಲ. ದುಡಿದು ದುಡಿದು ಮೈ ಒಣಗೈತಿ, ಅಷ್ಟ.”

ಅಜ್ಜ ಕಲ್ಲಿನ ಮುಂದೆ ಕೂತರು. “ಹನ್ನೊಂದು ವರ್ಷದ್ದು ಅಂತಿ. ಗಟ್ಟಿ ಮದ್ದ ಬೇಕು.”

“ನಾ ಅರೀತೀನಿ ಕೊಡ್ರಿ.”

“ಬ್ಯಾಡ. ನಡೆದು ದಣದೀದಿ. ನೀ ಮಲಗು.”

ಮುದುಕ ಒಂದು ದಿನವೆಲ್ಲ ಅರೆದರು. ಬೇರು ಮೂರು ಸಲ ಹಾಲಿನಲ್ಲಿ ಬೇಯಿಸಿ, ಒಣಗಿಸಿ, ಮತ್ತೆ ಅರೆದರು. ನಡುನಡುವೆ ಮೊಣಕಾಲು ನೀವಿಕೊಂಡರು, ಬಿಡಲಿಲ್ಲ.

ಮೂರನೆಯ ದಿನ ಫಕೀರವ್ವ ಹೊಳೆಯ ಪಾವಟಿಗೆಯ ತನಕ ಬಂದಳು. ಅಜ್ಜನ ಮುಂದೆ ಸುಳ್ಳು ಹೊರಬಿದ್ದೀತೆಂದು ಶಿವಪುತ್ರ ಅವಳನ್ನು ಮೇಲೆ ಬರಗೊಡಲಿಲ್ಲ. ತಾನೇ ಇಳಿದು ಹೋಗಿ ಪೊಟ್ಟಣ ಕೈಗಿಟ್ಟ.

“ನೀವು ಬರಲಿಲ್ರಿ” ಅಂದಳು.

“ಬರೋದು ಬೇಕಾಗಿಲ್ಲವ್ವಾ. ಅಜ್ಜಾರ ತಾವ ಕೂತು ಅರದಾರ.”

ಫಕೀರವ್ವನ ಮುಖ ಅರಳಿತು. ಅಜ್ಜ ದೊಡ್ಡವರು. ನೋಡದೆಯೂ ತಿಳಿಯುತ್ತದೆ ಅವರಿಗೆ, ಅಂದುಕೊಂಡಳು. ಆದರೂ ತಾಯಿಯಲ್ಲವೇ, ಒಂದು ಮಾತು ಕೇಳಿದಳು:

“ಇದನ್ನ ಕುಡಿದು ಮಲಗಿದ್ರ, ಕರದ್ರ ಎಚ್ಚರ ಆಗತೈತೇನ್ರಿ?”

“ಆಗದ ಏನವ್ವಾ. ಕರದ್ರ ಆಗತೈತಿ.”

ಕೊಟ್ಟು ಮೆಟ್ಟಿಲು ಹತ್ತಿ ಬಂದ.

ದ್ಯಾಮಣ್ಣನಿಗೆ ಮೂರ್ಛೆಯ ಹೊತ್ತಿನಲ್ಲಿ ಕರೆಯುವ ಬಾಯಿ ಇರುತ್ತಿರಲಿಲ್ಲ.

ಹದಿನಾಲ್ಕು ದಿನ ಕಳೆದವು. ಒಂದು ಮುಂಜಾನೆ ಫಕೀರವ್ವ ಮಠಕ್ಕೆ ಬಂದಳು. ತಲೆಗೆ ಎಣ್ಣೆಯಿಲ್ಲ. ಉಳಿದ ಪುಡಿಯ ಪೊಟ್ಟಣ ತಂದು ಅಜ್ಜನ ಮುಂದಿಟ್ಟಳು.

“ತಗೋರಿ ಅಜ್ಜಾರ. ಮೂರು ದಿನ ಕುಡಿದೆ. ಸಾಕಾತು.”

“ನಿದ್ದಿ ಬರಲಿಲ್ಲೇನು ತಂಗೀ?”

“ಬಂತ್ರಿ. ಎಂಥಾ ನಿದ್ದಿ! ಸಣ್ಣಾಕಿ ಇದ್ದಾಗ ನಮ್ಮವ್ವನ ತೊಡಿ ಮ್ಯಾಲೆ ಮಾಡಿದ್ದೆ ಅಂಥಾದ್ದು. ನಿಮ್ಮ ಮದ್ದಿನ್ಯಾಗ ಏನೂ ಐಬಿಲ್ಲ.”

ಎಡಗೈ ಮುಂದೆ ಚಾಚಿದಳು. ಮಣಿಕಟ್ಟಿನ ಸುತ್ತ ಬರೆ ಎಳೆದ ಹಾಗೆ ಕಪ್ಪು ಗಾಯ.

“ನನ್ನ ಮಗ ಎಷ್ಟು ಜಗ್ಗ್ಯಾನ ನೋಡ್ರಿ. ದಾರ ಮಾಂಸದಾಗ ಇಳದೈತಿ. ನನಗ ಎಚ್ಚರಾಗಲಿಲ್ಲ.”

ಆಮೇಲೆ ಎಲ್ಲ ಹೇಳಿದಳು. ಮೂರ್ಛೆ, ಆಣೆ, ದಾರ, ಎರಡು ಚಾಪೆ. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಮಣ್ಣು ಮಾಡಿ ಹನ್ನೊಂದು ದಿನವಾಗಿತ್ತು. ಅಳದೆ ಹೇಳಿದಳು. ಅಳುವವರ ಮಾತು ಕೇಳಬಹುದು. ಇಂಥದ್ದು ಕೇಳಲಾಗುವುದಿಲ್ಲ.

ಅಜ್ಜ ಶಿಷ್ಯನ ಕಡೆ ತಿರುಗಿದರು.

“ಎಷ್ಟು ಚಾಪಿ ಕಂಡಿದ್ದಿ, ತಮ್ಮಾ?”

ಶಿವಪುತ್ರ ಅಜ್ಜನ ಕಾಲಿಗೆ ಬಿದ್ದ.

“ನನಗ ಹೇಳಬ್ಯಾಡ. ಆಕಿಗೆ ಹೇಳು.”

ಶಿವಪುತ್ರ ಅವಳ ಮುಂದೆ ನೆಲಕ್ಕೆ ಕೂತ. “ನಾ ಬರಲಿಲ್ಲವ್ವಾ. ಹೊಂಗಿ ಮರದ ಕೆಳಗ ಮಲಗಿಬಿಟ್ಟೆ. ನೋಡಿ ಬಂದೆ ಅಂತ ಅಜ್ಜಾರಿಗೆ ಸುಳ್ಳು ಹೇಳಿದೆ.”

ಫಕೀರವ್ವ ಅವನನ್ನು ಬಹಳ ಹೊತ್ತು ನೋಡಿದಳು. ಬೈಯಲಿಲ್ಲ.

ಅಜ್ಜ ತಲೆಯ ರುಮಾಲು ತೆಗೆದು ಅವಳ ಕಾಲ ಹತ್ತಿರ ಇಟ್ಟರು. “ಅರೆದದ್ದು ಈ ಕೈ, ತಂಗೀ. ಕಾಲು ಅವನದು, ಕೈ ನಂದು.”

“ರುಮಾಲು ತಗೊಂಡು ನಾ ಏನು ಮಾಡ್ಲಿ ಅಜ್ಜಾರ? ಹಾಸ್ಕೊಳ್ಳೇನು?” ಅಂದಳು ಫಕೀರವ್ವ. “ನಾ ಬೇರೆ ಕೇಳಾಕ ಬಂದೀನಿ. ಮತ್ತ ನಿದ್ದಿ ಹೋಗೈತಿ. ಕಣ್ಣು ಮುಚ್ಚಿದ್ರ ಕೈ ಜಗ್ಗಿದಂಗ ಆಗತೈತಿ. ಮಗನ್ನ ತಿಂದ ನಿದ್ದಿನ ಹೆಂಗ ಮಾಡ್ಲಿ? ಬಂದ್ರ ತೊಡಿ ಚೂಟಿಕೊಂಡು ಓಡಸ್ತೀನಿ. ಒಂದು ಮದ್ದು ಕೊಡ್ರಿ. ಮಲಗಿದ್ರ ಏಳಬಾರದು, ಅಂಥಾದ್ದು. ಇದ್ರ ಕೊಡ್ರಿ, ಇಲ್ಲಾಂದ್ರ ಇಲ್ಲೇ ಹೊಳಿ ಐತಿ.”

ಅಜ್ಜ ಪೊಟ್ಟಣ ತೆಗೆದು ಬಿಚ್ಚಿ, ಪುಡಿಯನ್ನು ಗಾಳಿಗೆ ತೂರಿದರು.

“ನಿನಗ ಬೇರಿಲ್ಲ ತಂಗೀ. ಹನ್ನೊಂದು ವರ್ಷದ ಹಿಂದೂ ಇರಲಿಲ್ಲ. ನೀ ಮಲಗಿದಾಗ ಎಚ್ಚರ ಇರಾಕ ಇನ್ನೊಬ್ಬರು ಬೇಕಾಗಿದ್ರು. ಅದೊಂದ ನಿನ್ನ ಮದ್ದು.”

ಆಮೇಲೆ ಶಿಷ್ಯನಿಗೆ ಅಂದರು: “ಕಂಬಳಿ ತಗೊಂಡು ಆಕಿ ಹಿಂದ ಹೋಗು.”

“ನನ್ನ ಹೊಡದು ಹೊರಗ ಹಾಕ್ರಿ ಅಜ್ಜಾರ. ಶಾಪ ಕೊಡ್ರಿ. ಆಕಿ ಮನಿಗೆ ಯಾವ ಮುಖ ಇಟ್ಟುಕೊಂಡು ಹೋಗ್ಲಿ?”

“ಓಡಿ ಹೋಗಾಕ ನಾ ದಾರಿ ತೋರಸ್ಬೇಕೇನು? ಇರೋದೊಂದ ಮುಖ. ಅದನ್ನ ಇಟ್ಟುಕೊಂಡು ಹೋಗು.”

ಹೋದ. ಅವಳು ಮುಂದೆ, ಅವನು ಹಿಂದೆ. ಹೊಂಗೆಯ ಮರ ದಾಟುವಾಗ ಅವನು ತಲೆ ಎತ್ತಲಿಲ್ಲ.

ಮನೆಯ ಹೊರಗಿನ ಕಟ್ಟೆಯ ಮೇಲೆ ಕೂತ. ಮಗ ಸತ್ತ ಬಗೆ ಅಷ್ಟರಲ್ಲಿ ಊರಿಗೆಲ್ಲ ತಿಳಿದಿತ್ತು. ಮಗ್ಗುಲು ಮನೆಯ ನೀಲವ್ವ ನೀರಿಗೆ ಹೋಗುತ್ತ ನಿಂತು ಕೇಳಿದಳು:

“ಏನೋ ಅಯ್ಯಾ, ಮಲಗಿಸಿ ಕೊಂದಿ. ಈಗ ಕಾಯಾಕ ಬಂದಿ ಏನು?”

“ಹೌದವ್ವಾ” ಅಂದ.

ನೀಲವ್ವ ಕೊಡ ಎತ್ತಿಕೊಂಡು ಹೋದಳು.

ರಾತ್ರಿ ಫಕೀರವ್ವ ಒಳಗೆ ಗೋಡೆಗೆ ಒರಗಿ ಕಣ್ಣು ತೆರೆದು ಕೂತಿದ್ದಳು.

“ಮಲಗವ್ವಾ. ನಾ ಎಚ್ಚರ ಇರ್ತೀನಿ.”

“ಯಾರನ್ನ ಕಾಯಾಕರಿ? ಮನ್ಯಾಗ ಇನ್ನ ಯಾರದಾರ?”

“ನೀ ಅದೀಯಲ್ಲವ್ವಾ.”

ಈ ಮಾತು ಅವಳಿಗೆ ತಿಳಿಯಲಿಲ್ಲ. ಹನ್ನೊಂದು ವರ್ಷದಲ್ಲಿ ತನಗೋಸ್ಕರ ಯಾರಾದರೂ ಎದ್ದಿದ್ದುಂಟೇ?

ಒಂದು ದಿನ, ಎರಡು ದಿನ. ಅವಳು ಹಾಕಿದ ರೊಟ್ಟಿ ಕಟ್ಟೆಯ ಮೇಲೆ ಉಣ್ಣುತ್ತಿದ್ದ. ಕೆಲವು ಸಲ ಅವಳು ಹಾಕುವುದನ್ನು ಮರೆಯುತ್ತಿದ್ದಳು, ಇವನು ಕೇಳುತ್ತಿರಲಿಲ್ಲ. ಒಂದು ಸಲ ಒಳಗಿನಿಂದ “ಹೋಗಿಬಿಡ್ರಿ, ನಿಮ್ಮನ್ನ ನೋಡಿದ್ರ ಹೊಟ್ಯಾಗ ಬೆಂಕಿ ಬೀಳತೈತಿ” ಅಂತ ಕೂಗಿದಳು. ಬೆನ್ನು ತಿರುಗಿಸಿ ಕೂತ, ಹೋಗಲಿಲ್ಲ.

ಆರನೆಯ ದಿನ ಮಧ್ಯಾಹ್ನ ಅವಳು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕೈ ನಿಧಾನವಾಯಿತು. ತಲೆ ಗೋಡೆಗೆ ತಾಗಿತು. ಮೊರ ತೊಡೆಯ ಮೇಲೆ ವಾಲಿ, ಕಾಳು ಚೆಲ್ಲಿತು.

ಕೋಳಿಗಳು ಬಂದವು. ಸದ್ದು ಮಾಡಿದರೆ ಅವಳು ಎದ್ದಾಳೆಂದು ಶಿವಪುತ್ರ ಕಂಬಳಿಯ ಅಂಚು ಬೀಸಿ ಬೀಸಿ ಅವನ್ನು ಅಟ್ಟಿದ. ನೊಣ ಕೂತರೆ ಅದನ್ನೂ ಅಟ್ಟಿದ. ಬಿಸಿಲು ಅವಳ ಮುಖಕ್ಕೆ ಬಂದಾಗ ಬಾಗಿಲಿಗೆ ಕಂಬಳಿ ಹಿಡಿದು ನಿಂತ. ಹೊತ್ತು ಇಳಿಯುವ ತನಕ ಹಾಗೇ ನಿಂತಿದ್ದ.

ದೀಪ ಹಚ್ಚುವ ಹೊತ್ತಿಗೆ ಅವಳಿಗೆ ಎಚ್ಚರಾಯಿತು. ಗಾಬರಿಬಿದ್ದು ಮಗ್ಗುಲಿಗೆ ಕೈ ಚಾಚಿದಳು. ಕೈಗೆ ಬರಿ ನೆಲ ಸಿಕ್ಕಿತು.

ಆಗ ಅತ್ತಳು. ಮಗ ಹೋದ ಮೇಲೆ ಅದೇ ಮೊದಲ ಸಲ. ಅತ್ತು ಅತ್ತು ಮತ್ತೆ ಅಲ್ಲೇ ಮಲಗಿದಳು.

ಬೆಳಗಾಗೆದ್ದು ಅವನನ್ನು ಕರೆದಳು.

“ಹೋಗ್ರಿ ಸಣ್ಣಯ್ಯಾರ. ಇನ್ನ ನಾ ಹೊಳಿಗೆ ಬೀಳೂದಿಲ್ಲ.”

“ಇನ್ನೆರಡು ದಿನ ಇರ್ತೀನವ್ವಾ.”

“ಬ್ಯಾಡ್ರಿ. ನಿಮ್ಮ ಕಣ್ಣು ನನ್ನ ಕಣ್ಣಿನಂಗ ಆಗ್ಯಾವ. ನೀಲವ್ವ ಬಂದು ಮಲಗ್ತೀನಿ ಅಂದಾಳ.” ಅವನ ಮುಖ ನೋಡದೆ ಹೇಳಿದಳು: “ಇನ್ನೊಂದು ಮಾತು. ಆವತ್ತು ನೀವು ಬಂದಿದ್ರೂ ನಾ ಏನೂ ತೋರಸ್ತಿರಲಿಲ್ಲ. ಒಂದು ಚಾಪಿ ಸುತ್ತಿ ಮೂಲ್ಯಾಗ ಇಡ್ತಿದ್ದೆ. ಮಗನ್ನ ಹೊಲಕ್ಕ ಕಳಸ್ತಿದ್ದೆ. ನೀವು ಮನಸಿಗೆ ಹಚ್ಚಿಕೋಬ್ಯಾಡ್ರಿ.”

ಶಿವಪುತ್ರ ಹೊಳೆ ದಾಟಿ ಬಂದ. ಬರುವಾಗ ಅವನ ಹೆಜ್ಜೆ ಹಗುರಾಗಿತ್ತು.

ಅಜ್ಜ ಅರೆಯುವ ಕಲ್ಲು ತೊಳೆಯುತ್ತಿದ್ದರು.

“ನಿದ್ದಿ ಮಾಡಿದ್ಲು, ಅಜ್ಜಾರ.”

“ಎಷ್ಟು?”

“ನಿನ್ನೆ ಮಧ್ಯಾಹ್ನದಿಂದ ದೀಪ ಹಚ್ಚೂತನಕ. ಆಮ್ಯಾಲ ಬೆಳತನಕ.”

“ನೀನು?”

“ಹೋದಾಗಿಂದ ಇಲ್ಲ. ಆದ್ರ ಇವತ್ತ ಬರತೈತಿ ಅನಸತೈತಿ. ಬರಬೇಕಾದ್ರ ಆಕಿ ಒಂದು ಮಾತು ಹೇಳಿ ಕಳಿಸ್ಯಾಳ. ಎದಿ ಮ್ಯಾಲಿನ ಕಲ್ಲು ಇಳದಂಗ ಆತು.”

ಆ ಮಾತನ್ನು ಒಂದಕ್ಷರ ಬಿಡದೆ ಹೇಳಿದ. ಹೇಳಿ, “ಹೋಗಿದ್ರೂ ನನಗ ಏನೂ ಕಾಣತಿರಲಿಲ್ಲ, ಅಜ್ಜಾರ” ಅಂದ.

ಅಜ್ಜ ಕಲ್ಲಿನ ಮೇಲೆ ಇನ್ನೊಂದು ತಂಬಿಗೆ ನೀರು ಸುರಿದರು.

“ಆಕಿ ಮೊದಲ ದಿನ ಇಲ್ಲಿಗೆ ಬಂದಾಗ ನಿನಗ ಏನಂದಿದ್ಲು?”

ಶಿವಪುತ್ರ ಹೆಗಲ ಕಂಬಳಿ ಕೆಳಗಿಟ್ಟ.

“ಬಂದು ನೋಡ್ರಿ ಅಂದಿದ್ಲು.”

“ಬಂದು ನೋಡ್ರಿ ಅಂತ ಕರದಾಕಿ ಮುಚ್ಚಿಡ್ತಾಳೇನು?”

ಶಿವಪುತ್ರನ ತಲೆ ತಗ್ಗಿತು. ತಗ್ಗಿಸಿಕೊಂಡೇ ಕೇಳಿದ:

“ಮತ್ತ ಯಾಕ ಹಂಗಂದ್ಲು, ಅಜ್ಜಾರ?”

“ಅದು ಆಕಿ ನಿನಗ ಅಂತ ಅರದು ಕೊಟ್ಟ ನಿದ್ದಿ ಮದ್ದು, ತಮ್ಮಾ. ಕುಡೀಬ್ಯಾಡ.”